ಎಷ್ಟು ಅಪಾಯ ಇದ್ದರೆ ಸಾಕು? ಅಮೆರಿಕದಲ್ಲಿ ಆಶ್ರಯ ಕೇಳಿದ ಒಬ್ಬ ಸೋದರಿಯ ಕೇಸು

ರಾಜಕೀಯ ಆಶ್ರಯ ಅಂದ ಕೂಡಲೇ ನಮಗೆ ನೆನಪಾಗುವುದು ಜೈಲಿನಿಂದ ತಪ್ಪಿಸಿಕೊಂಡು ಬಂದ ಹೋರಾಟಗಾರ, ಬೆದರಿಕೆ ಉಂಡ ಪತ್ರಕರ್ತ, ವಿರೋಧ ಪಕ್ಷದ ನಾಯಕ. ಅಮೆರಿಕದಲ್ಲಿ ಆಶ್ರಯ ಕೇಳುವ ಪ್ರತಿಯೊಬ್ಬರಿಗೂ ಇವತ್ತಿಗೂ ಅನ್ವಯವಾಗುವ ಅಳತೆ ಬಂದದ್ದು ಇಂಥವರ ಕೇಸಿನಿಂದಲ್ಲ. ವೀಸಾ ಮುಗಿದ ಮೇಲೂ ಉಳಿದುಕೊಂಡಿದ್ದ, ತಾನಾಗಿ ಯಾವ ರಾಜಕೀಯವನ್ನೂ ಮಾಡದಿದ್ದ ನಿಕರಾಗುವಾದ ಒಬ್ಬ ಮಹಿಳೆಯ ಕೇಸಿನಿಂದ. ಕೇಸಿನ ಹೆಸರು 'ಐಎನ್‌ಎಸ್ ವಿರುದ್ಧ ಕಾರ್ಡೋಸಾ-ಫೊನ್ಸೆಕಾ'. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1987ರ ಮಾರ್ಚ್ 9ರಂದು. ಐಎನ್‌ಎಸ್ ಅಂದರೆ ಆಗಿನ ವಲಸೆ ಇಲಾಖೆ. 2003ರಲ್ಲಿ ಅದನ್ನು ಮುಚ್ಚಿ, ಅದರ ಕೆಲಸವನ್ನು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಗೆ ಹಂಚಿದರು.

ಕೇಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ವಾಪಸ್ ಹೋದರೆ ಅಪಾಯ ಇದೆ ಅನ್ನುವವರು ಆ ಅಪಾಯವನ್ನು ಎಷ್ಟರಮಟ್ಟಿಗೆ ತೋರಿಸಬೇಕು? 'ಆಗಿಯೇ ಆಗುತ್ತದೆ' ಅಂತಲೋ, 'ಆಗುವ ಸಾಧ್ಯತೆಯೇ ಹೆಚ್ಚು' ಅಂತಲೋ, ಅಥವಾ ಅದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೋ?

ನಡೆದದ್ದೇನು

ನಿಕರಾಗುವಾದಲ್ಲಿ ಸೊಮೊಸಾ ಮನೆತನದ ಆಳ್ವಿಕೆ ನಾಲ್ಕು ದಶಕ ನಡೆದಿತ್ತು. 1979ರ ಜುಲೈನಲ್ಲಿ ಅನಸ್ತಾಸಿಯೋ ಸೊಮೊಸಾ ದೇಶ ಬಿಟ್ಟು ಓಡಿಹೋದ. ಅದೇ ತಿಂಗಳ 19ರಂದು, ಅವನ ವಿರುದ್ಧ ಹೋರಾಡುತ್ತಿದ್ದ ಎಡಪಂಥೀಯ ಸಾಂಡಿನಿಸ್ಟಾ ಪಡೆಗಳು ರಾಜಧಾನಿ ಮನಾಗುವಾಕ್ಕೆ ಬಂದು ಅಧಿಕಾರ ಹಿಡಿದವು. ಈ ಮಹಿಳೆ ಅಮೆರಿಕಕ್ಕೆ ಬಂದದ್ದೂ 1979ರಲ್ಲೇ, ಸಂದರ್ಶಕರ ವೀಸಾದಲ್ಲಿ. ಅನುಮತಿ ಕೊಟ್ಟ ದಿನ ಕಳೆದ ಮೇಲೂ ಹೋಗಲಿಲ್ಲ. 'ನೀವಾಗಿಯೇ ಹೊರಟುಹೋಗಿ' ಎಂದು ಇಲಾಖೆ ಕೊಟ್ಟ ಅವಕಾಶವನ್ನೂ ಬಳಸಿಕೊಳ್ಳಲಿಲ್ಲ. ಕೊನೆಗೆ ಇಲಾಖೆ ಗಡೀಪಾರು ಕೇಸು ಶುರು ಮಾಡಿತು.

ಆಗ ಆಕೆ ಮಾಡಿದ್ದು ಎರಡು ಕೆಲಸ. ತಾನು ಕಾನೂನಿನ ಪ್ರಕಾರ ಇಲ್ಲಿರುವಂತಿಲ್ಲ ಅನ್ನುವುದನ್ನು ಒಪ್ಪಿಕೊಂಡರು. ಜೊತೆಗೇ, ವಾಪಸ್ ಕಳಿಸಬೇಡಿ ಎಂದು ಎರಡು ಬೇರೆ ಬೇರೆ ಕಲಮುಗಳ ಕೆಳಗೆ ರಕ್ಷಣೆ ಕೇಳಿದರು. ಗಡೀಪಾರು ಕೇಸು ಬಂದ ಮೇಲೆ ಆಶ್ರಯ ಕೇಳುವುದು ಅಂದರೆ ಸುಳ್ಳು ನೆಪ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಅದಕ್ಕೆ ಕಾನೂನಿನಲ್ಲೇ ಜಾಗ ಇದೆ, ಅವತ್ತೂ ಇತ್ತು, ಇವತ್ತೂ ಇದೆ. ವಲಸೆ ನ್ಯಾಯಾಲಯದಲ್ಲಿ ಹೀಗೆ ಕೇಳುವುದನ್ನು ರಕ್ಷಣಾತ್ಮಕ ಅರ್ಜಿ ಅನ್ನುತ್ತಾರೆ. ಕೇಸು ಇಲ್ಲದಿರುವಾಗಲೇ ತಾವಾಗಿ ಹೋಗಿ ವಲಸೆ ಇಲಾಖೆಯ ಆಶ್ರಯ ಅಧಿಕಾರಿಯ ಮುಂದೆ ಕೇಳುವುದು ಇನ್ನೊಂದು ಬಗೆ.

ಸಾಕ್ಷ್ಯ ಅಂತ ಇದ್ದದ್ದು ಹೆಚ್ಚಾಗಿ ಆಕೆಯ ಸಹೋದರನ ಕಥೆ. ನಿಕರಾಗುವಾದಲ್ಲಿ ರಾಜಕೀಯ ಚಟುವಟಿಕೆಗಾಗಿ ಆತನನ್ನು ಜೈಲಿಗೆ ಹಾಕಿ ಚಿತ್ರಹಿಂಸೆ ಕೊಟ್ಟಿದ್ದರು. ಇಬ್ಬರೂ ಒಟ್ಟಿಗೆ ದೇಶ ಬಿಟ್ಟು ಬಂದದ್ದು ಸಾಂಡಿನಿಸ್ಟಾಗಳಿಗೆ ಗೊತ್ತಿದೆ ಎಂದು ಇಬ್ಬರೂ ಸಾಕ್ಷಿ ಹೇಳಿದರು. ವಾಪಸ್ ಹೋದರೆ 'ಅವನೆಲ್ಲಿ, ಏನು ಮಾಡುತ್ತಿದ್ದಾನೆ' ಎಂದು ತನ್ನನ್ನು ಹಿಡಿದು ಕೇಳುತ್ತಾರೆ ಅನ್ನುವುದು ಆಕೆಯ ಮೊದಲ ಭಯ. ತನಗೂ ಆ ಸರ್ಕಾರದ ಬಗ್ಗೆ ವಿರೋಧ ಇದೆ, ಸಹೋದರನ ಕಾರಣಕ್ಕೆ ಅದು ಹೊರಬೀಳುತ್ತದೆ, ಆಮೇಲೆ ತನಗೂ ಚಿತ್ರಹಿಂಸೆ ತಪ್ಪಿದ್ದಲ್ಲ ಅನ್ನುವುದು ಎರಡನೆಯದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಎರಡನೆಯ ಮಾತು ಇಲ್ಲದಿದ್ದರೆ ಕೇಸು ಬಹಳ ಸಡಿಲವಾಗುತ್ತಿತ್ತು ಅಂತ ನನಗನ್ನಿಸುತ್ತದೆ. ಆಶ್ರಯಕ್ಕೆ ಅಪಾಯ ಇದ್ದರೆ ಸಾಲದು. ಅದು ಐದು ಕಾರಣಗಳಲ್ಲಿ ಒಂದಕ್ಕಾಗಿ ಬರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಬರೀ 'ಸಹೋದರನ ವಿಳಾಸ ಕೇಳಲು ಹಿಡಿಯುತ್ತಾರೆ' ಅಂದರೆ ಅದು ಪೊಲೀಸರ ವಿಚಾರಣೆ ಅಂತ ಎದುರು ವಕೀಲರು ತಳ್ಳಿಹಾಕಬಹುದು. 'ನನಗೂ ಅಭಿಪ್ರಾಯ ಇದೆ, ಅದು ಅವರಿಗೆ ಗೊತ್ತಾಗುತ್ತದೆ' ಅಂದಾಗ ಅಪಾಯಕ್ಕೂ ರಾಜಕೀಯಕ್ಕೂ ಕೊಂಡಿ ಬೀಳುತ್ತದೆ.

ಎರಡು ದಾರಿ, ಒಂದೇ ಅಳತೆ

ಆಕೆ ಕೇಳಿದ ಎರಡು ರಕ್ಷಣೆಗಳನ್ನು ಬೇರೆ ಮಾಡಿಕೊಳ್ಳದಿದ್ದರೆ ಈ ಕೇಸು ಅರ್ಥವಾಗುವುದಿಲ್ಲ. ಇವತ್ತು ಅರ್ಜಿ ಹಾಕುವವರಿಗೂ ಗೊಂದಲ ಆಗುವುದು ಇಲ್ಲೇ. ಯಾಕೆಂದರೆ ಎರಡನ್ನೂ ಕೇಳುವುದು ಒಂದೇ ಫಾರಂನಲ್ಲಿ, ಐ-589ರಲ್ಲಿ.

ಒಂದು, ಗಡೀಪಾರು ತಡೆ. ಆಗ ಅದು ವಲಸೆ ಕಾಯ್ದೆಯ 243(ಎಚ್) ಕಲಮಿನಲ್ಲಿತ್ತು. ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರುವ ದೇಶಕ್ಕೆ ಕಳಿಸಬಾರದು ಅನ್ನುವುದು ಇದರ ತಿರುಳು. ಅರ್ಹತೆ ತೋರಿಸಿದರೆ ಸರ್ಕಾರ ಇದನ್ನು ಕೊಡಲೇಬೇಕು. ಆದರೆ ಸಿಗುವುದು ಕಡಿಮೆ. ಆ ಒಂದು ದೇಶಕ್ಕೆ ಕಳಿಸುವಂತಿಲ್ಲ, ಅಷ್ಟೇ. ಬೇರೆ ದೇಶ ಒಪ್ಪಿಕೊಂಡರೆ ಅಲ್ಲಿಗೆ ಕಳಿಸಬಹುದು. ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ನಿವಾಸಕ್ಕೆ, ಇದರಿಂದ ದಾರಿ ಇಲ್ಲ, ಗಂಡನನ್ನೋ ಹೆಂಡತಿಯನ್ನೋ ಮಕ್ಕಳನ್ನೋ ಕರೆಸಿಕೊಳ್ಳಲೂ ಆಗುವುದಿಲ್ಲ.

ಇನ್ನೊಂದು ಆಶ್ರಯ, ಕಲಮು 208(ಎ). ಇದು ಬಂದದ್ದು ಅಧ್ಯಕ್ಷ ಕಾರ್ಟರ್ 1980ರ ಮಾರ್ಚ್‌ನಲ್ಲಿ ಸಹಿ ಹಾಕಿದ ನಿರಾಶ್ರಿತರ ಕಾಯ್ದೆಯಿಂದ. ಇಲ್ಲಿ ಸಿಗುವುದು ಜಾಸ್ತಿ. ಒಂದು ವರ್ಷ ಆದ ಮೇಲೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು, ಸಂಗಾತಿ ಮತ್ತು ಮಕ್ಕಳಿಗೂ ಅದೇ ಸ್ಥಾನ ಕೇಳಬಹುದು. ಆದರೆ ಅರ್ಹತೆ ಇದ್ದರೂ ಕೊಡುವುದು ಬಿಡುವುದು ಸರ್ಕಾರದ ವಿವೇಚನೆ.

ಕಾಯ್ದೆಯ ಮಾತೂ ಎರಡರಲ್ಲಿ ಬೇರೆ. ಮೊದಲನೆಯದರಲ್ಲಿ ಜೀವ ಅಥವಾ ಸ್ವಾತಂತ್ರ್ಯ 'ಅಪಾಯಕ್ಕೆ ಸಿಲುಕುತ್ತದೆ' ಎಂದಿದೆ. ಎರಡನೆಯದರಲ್ಲಿ 'ಗಟ್ಟಿ ಆಧಾರವಿರುವ ಭಯ' ಇದ್ದರೆ ಸಾಕು. ಒಂದು ಮುಂದೆ ಏನಾಗುತ್ತದೆ ಅನ್ನುವುದರ ಮೇಲೆ ಕಣ್ಣಿಟ್ಟಿದೆ. ಇನ್ನೊಂದು ಅರ್ಜಿದಾರರ ಮನಸ್ಸಿನಿಂದ ಶುರುವಾಗಿ, ಆ ಭಯಕ್ಕೆ ಹೊರಗೆ ಆಧಾರ ಇದೆಯೇ ಎಂದು ಕೇಳುತ್ತದೆ.

ವಲಸೆ ನ್ಯಾಯಾಧೀಶರು ಈ ವ್ಯತ್ಯಾಸವನ್ನೇ ಗಣಿಸಲಿಲ್ಲ. ಎರಡಕ್ಕೂ ಒಂದೇ ಅಳತೆ ಹಿಡಿದರು: ಕಿರುಕುಳ ಆಗುವ 'ಸ್ಪಷ್ಟ ಸಂಭವ' ಇದೆಯೇ? ಇಲ್ಲ ಅಂದರು, ಎರಡನ್ನೂ ತಿರಸ್ಕರಿಸಿದರು. ಅವರ ಮೇಲಿನ ವಲಸೆ ಮೇಲ್ಮನವಿ ಮಂಡಳಿಯೂ ಅದಕ್ಕೆ ತಲೆಯಾಡಿಸಿತು. ತಾನು ರಾಜಕೀಯ ಮಾಡಿಲ್ಲ ಎಂದು ಆಕೆಯೇ ಹೇಳಿದ್ದರಲ್ಲ, ಆ ಪ್ರಾಮಾಣಿಕತೆಯೇ ಆಕೆಗೆ ಮುಳುವಾಯಿತು.

1984ರಲ್ಲಿ ಇನ್ನೊಂದು ಕೇಸಿನ ತೀರ್ಪು ಬಂತು. ಯುಗೊಸ್ಲಾವಿಯಾದ ಒಬ್ಬರದ್ದು, ಸ್ಟೆವಿಕ್ ಕೇಸು ಅನ್ನುತ್ತಾರೆ. ಗಡೀಪಾರು ತಡೆಗೆ ಕಿರುಕುಳ 'ಆಗದಿರುವುದಕ್ಕಿಂತ ಆಗುವ ಸಾಧ್ಯತೆಯೇ ಹೆಚ್ಚು' ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ನೂರರಲ್ಲಿ 50ಕ್ಕಿಂತ ಮೇಲೆ ಅಂತ ಇಟ್ಟುಕೊಳ್ಳಿ. ಆಶ್ರಯಕ್ಕೆ ಅಳತೆ ಏನು ಅನ್ನುವುದನ್ನು ಕೋರ್ಟ್ ಬಿಡಿಸಲಿಲ್ಲ, ಹಾಗೇ ಬಿಟ್ಟಿತು.

ಈ ತೀರ್ಪಿನ ನಂತರ ಆಕೆಯ ಪರ ವಕೀಲರು ಮಾಡಿದ್ದು ನನ್ನ ಪ್ರಕಾರ ಇಡೀ ಕೇಸಿನ ಜಾಣ ನಡೆ. ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದಲ್ಲಿ ಗಡೀಪಾರು ತಡೆಯ ವಾದವನ್ನು ಕೈಬಿಟ್ಟರು. ಅದರಲ್ಲಿ ಸೋತದ್ದನ್ನು ಪ್ರಶ್ನಿಸಲೇ ಇಲ್ಲ. ಆಶ್ರಯ ಒಂದನ್ನೇ ಹಿಡಿದುಕೊಂಡು, 'ಇದಕ್ಕೆ ತಪ್ಪು ಅಳತೆ ಹಿಡಿದಿದ್ದೀರಿ' ಅಂದರು. ಎಲ್ಲವನ್ನೂ ಕೇಳೋಣ, ಯಾವುದಾದರೂ ಸಿಗಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ ಒಂದನ್ನು ಬಿಟ್ಟದ್ದರಿಂದಲೇ ಪ್ರಶ್ನೆ ಬಿಡಿಯಾಗಿ, ಚೊಕ್ಕವಾಗಿ ನಿಂತಿತು. 50ಕ್ಕಿಂತ ಹೆಚ್ಚು ಸಾಧ್ಯತೆ ತೋರಿಸಲಾಗದವರಿಗೆ ಆಶ್ರಯ ಸಿಗಬಹುದೇ? 1985ರಲ್ಲಿ ಆ ನ್ಯಾಯಾಲಯ ಹೌದು ಅಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ರಾಜಕೀಯದ ವಿಚಿತ್ರ ಒಂದನ್ನು ಇಲ್ಲಿ ಹೇಳಲೇಬೇಕು. ಅದೇ ವರ್ಷಗಳಲ್ಲಿ ರೇಗನ್ ಸರ್ಕಾರ ಸಾಂಡಿನಿಸ್ಟಾಗಳ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾಗಳಿಗೆ ಬೆಂಬಲ ಕೊಡುತ್ತಿತ್ತು. ಸಾಂಡಿನಿಸ್ಟಾಗಳನ್ನು ಕಂಡರೆ ಆಗದ ಸರ್ಕಾರವೇ, ಅವರಿಗೆ ಹೆದರಿ ಬಂದವಳನ್ನು ವಾಪಸ್ ಕಳಿಸಲು ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಯಿತು. ಒಬ್ಬಳಿಗೆ ಬಿಟ್ಟುಕೊಟ್ಟರೆ ಅಳತೆ ಎಲ್ಲರಿಗೂ ಇಳಿಯುತ್ತದಲ್ಲ ಅನ್ನುವುದು ಅದರ ಚಿಂತೆ ಇದ್ದಿರಬೇಕು. ಆ ಕಾಲಕ್ಕೆ ಎಲ್ ಸಾಲ್ವಡಾರ್, ಗ್ವಾಟೆಮಾಲಾದವರ ಅರ್ಜಿಗಳಲ್ಲಿ ಮಂಜೂರಾಗುತ್ತಿದ್ದದ್ದು ತೀರಾ ಕಡಿಮೆ.

ಹತ್ತರಲ್ಲಿ ಒಂದು

ಸುಪ್ರೀಂ ಕೋರ್ಟಿನಲ್ಲಿ ಆಕೆಯ ಪರ ವಾದಿಸಿದ್ದು ಡೇನಾ ಮಾರ್ಕ್ಸ್. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಲಸೆ ನ್ಯಾಯಾಧೀಶೆಯಾಗಿ ಬಹಳ ವರ್ಷ ಕೂತವರು. ಆಶ್ರಯದ ಕೇಸು ಅಂದರೆ ಮರಣದಂಡನೆಯ ಕೇಸನ್ನು ಟ್ರಾಫಿಕ್ ಕೋರ್ಟಿನಲ್ಲಿ ನಡೆಸಿದ ಹಾಗೆ ಎಂದು ಅವರು ಹೇಳುತ್ತಿದ್ದರು.

ತೀರ್ಪು 6-3. ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಸ್ಕಾಲಿಯಾ ಫಲಿತಾಂಶವನ್ನಷ್ಟೇ ಒಪ್ಪಿ, ತಮ್ಮ ಕಾರಣಗಳನ್ನು ಬೇರೆಯಾಗಿ ಬರೆದರು.

ಸ್ಟೀವನ್ಸ್ ಮೊದಲು ಹಿಡಿದದ್ದು ಕಾಯ್ದೆಯ ಮಾತನ್ನು. ಭಯ ಅಂದ ಮೇಲೆ ಅದು ಒಬ್ಬರ ಮನಸ್ಸಿಗೆ ಸೇರಿದ್ದು. ಆಧಾರ ಇರಬೇಕು ನಿಜ, ಆದರೆ ಆಗುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಇದ್ದರೂ ಆಧಾರವಿರುವ ಭಯ ಇರಬಹುದು. ಆಮೇಲೆ ಕಾಯ್ದೆಯ ಚರಿತ್ರೆಗೆ ಹೋದರು. 1980ರಲ್ಲಿ ಸೆನೆಟ್ಟಿನ ಕರಡು ಆಶ್ರಯವನ್ನೂ ಗಡೀಪಾರು ತಡೆಯ ಬಿಗಿ ಅಳತೆಗೇ ಕಟ್ಟಿತ್ತು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ಬಿಟ್ಟು ಕೆಳಮನೆಯ ಕರಡನ್ನು ಆರಿಸಿಕೊಂಡಿತು. ನಿರಾಶ್ರಿತ ಅಂದರೆ ಯಾರು ಅನ್ನುವ ವಿವರಣೆಯನ್ನು ನಿರಾಶ್ರಿತರ ಬಗ್ಗೆ ವಿಶ್ವಸಂಸ್ಥೆಯ 1951ರ ಒಪ್ಪಂದ ಮತ್ತು ಅದಕ್ಕೆ ಸೇರಿದ 1967ರ ಪ್ರೋಟೋಕಾಲ್‌ನಿಂದ ಎತ್ತಿಕೊಂಡಿತು. ಅಮೆರಿಕ ಆ ಪ್ರೋಟೋಕಾಲ್‌ಗೆ 1968ರಲ್ಲೇ ಸೇರಿತ್ತು.

ಆ ಒಪ್ಪಂದವನ್ನು ಹೇಗೆ ಓದಬೇಕು ಅನ್ನುವುದಕ್ಕೆ ಕೋರ್ಟ್ ನಾರ್ವೆಯ ಕಾನೂನು ವಿದ್ವಾಂಸ ಆಟ್ಲೆ ಗ್ರಾಲ್-ಮ್ಯಾಡ್ಸೆನ್ ಕೊಟ್ಟ ಉದಾಹರಣೆಯನ್ನು ತೆಗೆದುಕೊಂಡಿತು. ಒಂದು ದೇಶದಲ್ಲಿ ಹತ್ತು ಗಂಡಸರಲ್ಲಿ ಒಬ್ಬನನ್ನು ಕೊಲ್ಲುತ್ತಾರೆ ಅಥವಾ ದೂರದ ದುಡಿತದ ಶಿಬಿರಕ್ಕೆ ಸಾಗಿಸುತ್ತಾರೆ ಅಂತ ಗೊತ್ತಿದೆ ಅನ್ನಿ. ಅಲ್ಲಿಂದ ತಪ್ಪಿಸಿಕೊಂಡು ಬಂದವನಿಗೆ 'ನಿನಗೆ ಏನೂ ಆಗದಿರುವ ಸಾಧ್ಯತೆಯೇ ಜಾಸ್ತಿ, ವಾಪಸ್ ಹೋಗು' ಅನ್ನುವುದಕ್ಕೆ ಆಗುತ್ತದೆಯೇ? ಗುಂಡೇಟಿಗೋ ಚಿತ್ರಹಿಂಸೆಗೋ ಸಿಕ್ಕುವ ಸಾಧ್ಯತೆ 10% ಮಾತ್ರ ಇದೆ ಅನ್ನುವ ಕಾರಣಕ್ಕೆ ಭಯಕ್ಕೆ ಆಧಾರವೇ ಇಲ್ಲ ಅನ್ನಲಾಗದು ಎಂದು ಕೋರ್ಟ್ ಬರೆಯಿತು.

ಸರ್ಕಾರದ ವಾದ ತೀರಾ ಹುರುಳಿಲ್ಲದ್ದಾಗಿರಲಿಲ್ಲ. ಹೆಚ್ಚು ಕೊಡುವ ಆಶ್ರಯಕ್ಕೆ ಸಡಿಲ ಅಳತೆ, ಕಡಿಮೆ ಕೊಡುವ ಗಡೀಪಾರು ತಡೆಗೆ ಬಿಗಿ ಅಳತೆ, ಇದು ತಲೆಕೆಳಗು ಅಲ್ವಾ ಎಂದು ಕೇಳಿತು. ಕೋರ್ಟಿನ ಉತ್ತರ ನೇರ. ಬಿಗಿ ಅಳತೆ ಮುಟ್ಟಿದವರಿಗೆ ಅದು ಹಕ್ಕು. ಸಡಿಲ ಅಳತೆ ಮುಟ್ಟಿದವರಿಗೆ ಅದು ಕೇಳುವ ಅರ್ಹತೆ ಮಾತ್ರ, ಕೊಡದಿರುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ.

ಪವೆಲ್ ಬರೆದ ಭಿನ್ನಮತಕ್ಕೆ ರೆನ್‌ಕ್ವಿಸ್ಟ್ ಮತ್ತು ವೈಟ್ ಸೇರಿಕೊಂಡರು. ಮಂಡಳಿ ನಿಜವಾಗಿ ಅಂಕೆಸಂಖ್ಯೆ ಹಿಡಿದು ಕೂರುತ್ತಿಲ್ಲ, ಸಾಕ್ಷ್ಯ ನೋಡಿ ವಾಸ್ತವದಲ್ಲಿ ಅಪಾಯ ಇದೆಯೇ ಎಂದು ತೂಗುತ್ತಿದೆ, ಶೇಕಡಾವಾರು ಲೆಕ್ಕ ಅನ್ನುವುದು ಬಹುಮತದ ಕಲ್ಪನೆ ಎಂಬುದು ಅವರ ಆಕ್ಷೇಪ. ಇದರಲ್ಲಿ ಸತ್ಯ ಇದೆ. ಯಾವ ನ್ಯಾಯಾಧೀಶರೂ ಒಬ್ಬರ ಕಥೆ ಕೇಳಿ 'ಇದು 12, ಇದು 9' ಅಂತ ಗುರುತು ಹಾಕುವುದಿಲ್ಲ. ಆದರೂ ಬಹುಮತದ ಮಾತೇ ನನಗೆ ಸರಿ ಕಾಣುತ್ತದೆ. 'ಆಗುತ್ತದೆಯೇ' ಎಂದು ಕೇಳಿಕೊಂಡು ಕಡತ ತೆರೆದವರಿಗೂ 'ಹೆದರುವುದು ನ್ಯಾಯವೇ' ಎಂದು ಕೇಳಿಕೊಂಡು ತೆರೆದವರಿಗೂ ಅದೇ ಕಾಗದಗಳಲ್ಲಿ ಬೇರೆ ಬೇರೆ ವಿಷಯ ಕಾಣುತ್ತದೆ.

ಕೋರ್ಟ್ ಆಕೆಗೆ ಆಶ್ರಯ ಕೊಡಲಿಲ್ಲ. ಅಳತೆ ತಪ್ಪು ಅಂದಿತು, ಅಷ್ಟೇ. ಸರಿಯಾದ ಅಳತೆಯಲ್ಲಿ ನೋಡುವ ಕೆಲಸ ಮತ್ತೆ ಕೆಳಗೆ ಹೋಯಿತು. ಆ ಅಳತೆಯನ್ನು ದಿನದಿನದ ಕೇಸುಗಳಲ್ಲಿ ಹೇಗೆ ಬಳಸಬೇಕು ಅನ್ನುವುದನ್ನೂ ವಿವರಿಸಲಿಲ್ಲ.

ಅದನ್ನು ವಿವರಿಸಿದ್ದು ಅದೇ ವರ್ಷದ ಜೂನ್‌ನಲ್ಲಿ ಮೇಲ್ಮನವಿ ಮಂಡಳಿ, ಇರಾನಿನ ಒಬ್ಬರ ಕೇಸಿನಲ್ಲಿ. ಮೊಘರ್‍ರಾಬಿ ಕೇಸು ಅನ್ನುತ್ತಾರೆ. ಅರ್ಜಿದಾರರ ಜಾಗದಲ್ಲಿ ವಿವೇಕವುಳ್ಳ ಬೇರೊಬ್ಬರು ಇದ್ದಿದ್ದರೆ ಅವರೂ ಹೆದರುತ್ತಿದ್ದರೇ ಎಂದು ನೋಡಿ ಅಂದಿತು. ಅದಕ್ಕೆ ನಾಲ್ಕು ವಿಷಯ ಕೇಳಿಕೊಳ್ಳಬೇಕು. ಕಿರುಕುಳ ಕೊಡುವವರು ದಮನ ಮಾಡಲು ಬಯಸುವಂಥ ನಂಬಿಕೆಯೋ ಗುಣವೋ ಇವರಲ್ಲಿದೆಯೇ? ಅದು ಅವರಿಗೆ ಗೊತ್ತೇ, ಅಥವಾ ಗೊತ್ತಾಗಬಹುದೇ? ಶಿಕ್ಷಿಸುವ ಶಕ್ತಿ ಅವರಿಗಿದೆಯೇ? ಶಿಕ್ಷಿಸುವ ಮನಸ್ಸಿದೆಯೇ?

ಈ ನಾಲ್ಕನ್ನೂ ನಿಕರಾಗುವಾದ ಸೋದರಿಯ ಕಥೆಗೆ ಹಚ್ಚಿ ನೋಡಿ. ನಂಬಿಕೆ ಇದೆ, ಆಕೆಯೇ ಸಾಕ್ಷಿ ಹೇಳಿದ್ದಾರೆ. ಶಕ್ತಿಯ ಪ್ರಶ್ನೆಯೇ ಇಲ್ಲ, ಎದುರಿಗಿರುವುದು ಸರ್ಕಾರ. ಮನಸ್ಸಿಗೆ ಸಹೋದರನಿಗಾದದ್ದನ್ನು ತೋರಿಸಬಹುದು. ಕೇಸು ನಿಲ್ಲುವುದೂ ಬೀಳುವುದೂ ಎರಡನೆಯದರ ಮೇಲೆ: ಗೊತ್ತಾಗುತ್ತದೆಯೇ? ಒಟ್ಟಿಗೆ ಓಡಿಬಂದದ್ದು ಅವರಿಗೆ ತಿಳಿದಿದೆ ಅನ್ನುವ ಸಾಕ್ಷ್ಯ ಅಲ್ಲಿಗೇ ಬಂದು ಕೂರುತ್ತದೆ. ತನ್ನ ಅಭಿಪ್ರಾಯವನ್ನು ಬಾಯಿಬಿಟ್ಟು ಆಡದವರ ಅರ್ಜಿಯಲ್ಲಿ ಪುಟಗಳನ್ನು ಖರ್ಚು ಮಾಡಬೇಕಾದದ್ದು ಇಲ್ಲಿ. ಯಾರು ನೋಡಿದರು, ಯಾವ ಪಟ್ಟಿಯಲ್ಲಿ ಹೆಸರಿದೆ, ಮನೆಗೆ ಬಂದು ಯಾರನ್ನು ಕೇಳಿದರು, ನೆರೆಯವರು ಏನು ಹೇಳಿದರು. ದೇಶದ ಸ್ಥಿತಿಯ ಬಗ್ಗೆ ದಪ್ಪ ವರದಿಗಳನ್ನು ಲಗತ್ತಿಸಿ, ಈ ಒಂದು ಕೊಂಡಿಯನ್ನು ಎರಡು ಸಾಲಿನಲ್ಲಿ ಮುಗಿಸಿದರೆ ವರದಿಗಳು ಸುಮ್ನೆ ತೂಕಕ್ಕೆ.

ಇವತ್ತು ಇದೇ ಅರ್ಜಿ ಬಂದಿದ್ದರೆ

ಕೆಲವು ಕಡೆ ದಾರಿ ಹಗುರಾಗಿದೆ. 'ನಿನ್ನನ್ನೇ ಗುರಿ ಮಾಡಿದ್ದಾರೆಂದು ತೋರಿಸು' ಅನ್ನುವ ಹಠ ಈಗಿನ ನಿಯಮದಲ್ಲಿ ಇಲ್ಲ. ತನ್ನಂಥವರ ಗುಂಪಿಗೇ ಕಿರುಕುಳ ಕೊಡುವ ರೂಢಿ ಇದೆ, ತಾನೂ ಆ ಗುಂಪಿನವಳು ಎಂದು ತೋರಿಸಿದರೆ ಸಾಕು.

ಉಳಿದದ್ದೆಲ್ಲ ಬಿಗಿಯಾಗಿದೆ. 1992ರಲ್ಲಿ ಎಲಿಯಾಸ್-ಜಕಾರಿಯಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಾರಣದ ಪ್ರಶ್ನೆಯನ್ನು ಗಟ್ಟಿ ಮಾಡಿತು. ಮುಖ ಮುಚ್ಚಿಕೊಂಡ ಗೆರಿಲ್ಲಾಗಳು ಬಂದೂಕು ಹಿಡಿದು ಮನೆಗೆ ಬಂದು 'ನಮ್ಮ ಜೊತೆ ಸೇರು' ಅಂದಿದ್ದರು. ಒಲ್ಲೆ ಅಂದ ಗ್ವಾಟೆಮಾಲಾದ ಹುಡುಗನಿಗೆ ಭಯ ಇದ್ದದ್ದು ನಿಜ. ಆದರೆ ಅವರು ಅವನ ಬೆನ್ನು ಹತ್ತುವುದು ಅವನ ರಾಜಕೀಯ ಅಭಿಪ್ರಾಯಕ್ಕಾಗಿ ಅನ್ನುವುದಕ್ಕೆ ಸಾಕ್ಷ್ಯ ಇಲ್ಲ ಎಂದು ಕೋರ್ಟ್ ಹೇಳಿತು, ಅವನು ಸೋತ. 2005ರ ರಿಯಲ್ ಐಡಿ ಕಾಯ್ದೆ ಇನ್ನೂ ಮುಂದೆ ಹೋಗಿ, ರಾಜಕೀಯ ಅಭಿಪ್ರಾಯದಂಥ ಕಾರಣ ಕಿರುಕುಳದ ಮುಖ್ಯ ಕಾರಣಗಳಲ್ಲಿ ಒಂದಾಗಿರಲೇಬೇಕು ಅನ್ನುತ್ತದೆ. ಹೇಳಿಕೆಯಲ್ಲಿನ ಯಾವ ವ್ಯತ್ಯಾಸವನ್ನಾದರೂ, ಅದು ಕೇಸಿನ ತಿರುಳಿಗೆ ಸಂಬಂಧಿಸದಿದ್ದರೂ, ನಂಬಿಕೆಯ ವಿರುದ್ಧ ಎಣಿಸಬಹುದು. ಸಿಗಬಹುದಾದ ದಾಖಲೆಯನ್ನು ತರದಿದ್ದರೆ ಯಾಕೆ ತಂದಿಲ್ಲ ಎಂದು ಕೇಳಬಹುದು. ಸೋದರ-ಸೋದರಿ ಇಬ್ಬರೂ ಸಾಕ್ಷಿ ಹೇಳುವ ಇಂಥ ಕೇಸಿನಲ್ಲಿ ಇದು ಅಪಾಯದ ಜಾಗ. ಒಬ್ಬರು ಹೊರಟದ್ದು ರಾತ್ರಿ ಅಂದು, ಇನ್ನೊಬ್ಬರು ನಸುಕಿನಲ್ಲಿ ಅಂದರೆ ಸಾಕು. ಇಬ್ಬರೂ ಒಂದೇ ಮಾತನ್ನು ಉರುಹಚ್ಚಿ ಬಂದರೂ ಗುಮಾನಿ ಬರುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನುವುದೇ ಒಳ್ಳೆಯದು, ಫಾರಂನಲ್ಲೂ ಸಾಕ್ಷಿ ಹೇಳುವಾಗಲೂ.

ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಟ್ಟದ್ದು 1996ರ ತಿದ್ದುಪಡಿ. ಅಮೆರಿಕಕ್ಕೆ ಬಂದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ ಹಾಕಬೇಕು. ಅರ್ಹತೆಯನ್ನು ಮುಟ್ಟುವಂತೆ ಪರಿಸ್ಥಿತಿ ಬದಲಾಗಿದ್ದರೆ, ಅಥವಾ ತಡಕ್ಕೆ ಅಸಾಧಾರಣ ಕಾರಣ ಇದ್ದರೆ ವಿನಾಯಿತಿ ಇದೆ. ಹಾಗಿದ್ದರೂ ಅದಾದ ಮೇಲೆ ಸಮಂಜಸವಾದ ಸಮಯದೊಳಗೆ ಹಾಕಿರಬೇಕು. ವೀಸಾ ಮುಗಿಸಿಕೊಂಡು, ಗಡೀಪಾರು ಕೇಸು ಬರುವ ತನಕ ಸುಮ್ಮನಿದ್ದವರಿಗೆ ಇದು ನೇರವಾಗಿ ತಟ್ಟುತ್ತದೆ. ಗಡೀಪಾರು ತಡೆಗೆ ಮಾತ್ರ ಒಂದು ವರ್ಷದ ಗಡುವು ಇಲ್ಲ. ಅಂದರೆ ಇವತ್ತು ಗಡುವು ತಪ್ಪಿಸಿಕೊಂಡವರಿಗೆ ಉಳಿಯುವುದು 50ಕ್ಕಿಂತ ಹೆಚ್ಚು ಸಾಧ್ಯತೆ ತೋರಿಸಬೇಕಾದ ದಾರಿ. ಸರ್ಕಾರವೇ ಚಿತ್ರಹಿಂಸೆ ಕೊಡುತ್ತದೆ ಅಥವಾ ಅದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೆ ಅನ್ನುವವರಿಗೆ ಚಿತ್ರಹಿಂಸೆ ವಿರೋಧಿ ಒಪ್ಪಂದದ ರಕ್ಷಣೆಯೂ ಇದೆ, ಅದಕ್ಕೂ ಅದೇ ಬಿಗಿ ಅಳತೆ. ಈ ಸೋದರಿ ಸೋತು ಕೈಬಿಟ್ಟದ್ದು ಯಾವ ದಾರಿಯಲ್ಲೋ, ತಡವಾಗಿ ಬಂದವರಿಗೆ ಸಿಗುವುದು ಅದೇ. ಹತ್ತರಲ್ಲಿ ಒಂದು ಅನ್ನುವ ಅಳತೆ ಕಾನೂನಿನಲ್ಲಿ ಹಾಗೇ ಇದೆ, ಆದರೆ ಅದು ತಮಗೆ ಬೇಕಾಗುತ್ತದೆ ಅಂತ ಮೊದಲ ವರ್ಷದಲ್ಲೇ ಗೊತ್ತಾದವರಿಗೆ.